ಖೊನ್ ಕೇನಿನ ಮಕ್ಕಳು, ದಾವಣಗೆರೆಯ ಇಂಗ್ಲಿಷ್

ಏಪ್ರಿಲ್ 21, 2024, ಭಾನುವಾರ
ದಾವಣಗೆರೆ

"ಅಲ್ರೀ ಮಿಸ್, ಇಂಗ್ಲಿಷ್ ಕಲಿಯೋಕೆ ಇಂಗ್ಲೆಂಡಿನವರನ್ನ ಬಿಟ್ಟು ದಾವಣಗೆರೆಯವರನ್ನ ಯಾಕೆ ಕರೀತಾರೆ ಅವರು?"

ಬೆಳಿಗ್ಗೆ ಮನೆಗೆ ಬಂದ ತಾಯಿಯೊಬ್ಬರು ಕೇಳಿದ ಮೊದಲ ಪ್ರಶ್ನೆ ಇದು. ಅವರ ಮಗಳು ನನ್ನ ಹಳೇ ವಿದ್ಯಾರ್ಥಿನಿ. ಬಿ.ಇಡಿ ಮುಗಿಸಿ ಇಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಥಾಯ್ಲೆಂಡಿಗೆ ಹೋಗಿ ಇಂಗ್ಲಿಷ್ ಕಲಿಸಬೇಕು ಎಂದು ಹಠ ಹಿಡಿದಿದ್ದಾಳಂತೆ. ಅಲ್ಲೇ ಖೊನ್ ಕೇನ್ ಎಂಬಲ್ಲಿ ಇಂಗ್ಲಿಷ್ ಕಲಿಸುವ ನಾನು ರಜೆಗೆ ಊರಿಗೆ ಬಂದಿರುವುದು ಯಾರಿಂದಲೋ ಗೊತ್ತಾಗಿ, ಇಬ್ಬರೂ ಬಿಸಿಲಲ್ಲೇ ನಡೆದುಕೊಂಡು ಬಂದಿದ್ದರು. ಅವ್ವ ಮಜ್ಜಿಗೆ ಕೊಟ್ಟಳು. ಹೊರಗೆ ಚುನಾವಣೆ ಆಟೋಗಳು ಒಂದಾದ ಮೇಲೊಂದು ಕೂಗಿಕೊಂಡು ಹೋಗುತ್ತಿದ್ದವು. ಮಾತು ನಿಂತು ನಿಂತು ಸಾಗಿತು. ಹೇಳಬೇಕಾದ್ದು ಬಹಳ ಉಳಿದುಹೋಯಿತು. ಅದಕ್ಕೇ ಈಗ ರಾತ್ರಿ ಕೂತು ಬರೆಯುತ್ತಿದ್ದೇನೆ.

ಆ ತಾಯಿಯ ಪ್ರಶ್ನೆ ನೇರವಾಗಿತ್ತು, ನಾನೂ ನೇರವಾಗೇ ಹೇಳಿದೆ. ಅವರು ಮೊದಲು ಕರೆಯುವುದು ಇಂಗ್ಲೆಂಡ್, ಅಮೆರಿಕದವರನ್ನೇ. ಎಷ್ಟೋ ಜಾಹೀರಾತುಗಳಲ್ಲಿ 'ನೇಟಿವ್ ಸ್ಪೀಕರ್ ಮಾತ್ರ' ಎಂದೇ ಬರೆದಿರುತ್ತದೆ. ಅದನ್ನು ದಾಟಿ ಒಳಗೆ ಹೋದರೂ ಸಂಬಳ ಕಮ್ಮಿ. ಅದೇ ಪುಸ್ತಕ, ಅಷ್ಟೇ ಪೀರಿಯಡ್, ಆದರೆ ಪಕ್ಕದ ಬಿಳಿ ಮೇಷ್ಟ್ರಿಗೆ ನನಗಿಂತ ಜಾಸ್ತಿ. ಹೊರದೇಶದಿಂದ ಬಂದು ಕಲಿಸುವ ನಮ್ಮಂಥವರಲ್ಲಿ ಬಹಳ ಜನ ಫಿಲಿಪೀನ್ಸಿನವರು. ಅವರ ಪಾಡೂ ಇದೇ. ಸಾಲದ್ದಕ್ಕೆ ನಮಗೆ ಇಂಗ್ಲಿಷ್ ಬರುತ್ತದೆ ಎಂದು ಪರೀಕ್ಷೆ ಬರೆದು ತೋರಿಸಬೇಕು. ಟೋಯಿಕ್ ಎಂಬ ಪರೀಕ್ಷೆಯಲ್ಲಿ 990ಕ್ಕೆ 600 ಆದರೂ ಬಂದಿರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಪರೀಕ್ಷೆಗೆ ನನ್ನ ತಕರಾರಿಲ್ಲ, ಎಲ್ಲರಿಗೂ ಇಡಲಿ. ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುವುದು ಮಾತ್ರ ಅನ್ಯಾಯ. ಇದನ್ನು ಹೋಗುವ ಮುಂಚೆಯೇ ತಿಳಿದುಕೊಂಡು ಹೋಗಬೇಕು. ಅಲ್ಲಿ ಹೋಗಿ ತಿಳಿದರೆ ಮನಸ್ಸಿಗೆ ನೋವಾಗುತ್ತದೆ.

ಹಾಗಿದ್ದರೂ ನಾನು ಯಾಕೆ ಹೋದೆ, ಯಾಕೆ ಇನ್ನೂ ಅಲ್ಲೇ ಇದ್ದೇನೆ? ಅದನ್ನೇ ಆ ಹುಡುಗಿಗೆ ಸರಿಯಾಗಿ ಹೇಳಬೇಕಿತ್ತು.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎಬಿಸಿಡಿ ಶುರುವಾದದ್ದು ಐದನೇ ಕ್ಲಾಸಿನಲ್ಲಿ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ, ಆಗ ನಮ್ಮದೆಲ್ಲ ಮುಗಿದಿತ್ತು. 'ಎ' ಎಲ್ಲಿ, 'ದಿ' ಎಲ್ಲಿ ಎನ್ನುವುದು ಪಿಯುಸಿ ದಾಟಿದರೂ ತಲೆಗೆ ಹತ್ತಿರಲಿಲ್ಲ. ಹೇಗೆ ಹತ್ತಬೇಕು? ಕನ್ನಡದಲ್ಲಿ ಅಂಥದ್ದು ಇಲ್ಲವೇ ಇಲ್ಲ. ಥಾಯ್ ಭಾಷೆಯಲ್ಲೂ ಇಲ್ಲ. ಅದರ ಮೇಲೆ ಅವರಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ, ಬಹುವಚನಕ್ಕೆ ಏನೂ ಸೇರಿಸುವುದಿಲ್ಲ. ನಿನ್ನೆ, ನಾಳೆ ಎಂದು ಒಂದು ಮಾತು ಹೇಳಿದರೆ ಸಾಕು. ಹಾಗಾಗಿ ಮಕ್ಕಳು 'ಯೆಸ್ಟರ್‌ಡೇ ಐ ಗೋ ಮಾರ್ಕೆಟ್' ಎನ್ನುತ್ತಾರೆ. ಹುಟ್ಟಿನಿಂದ ಇಂಗ್ಲಿಷ್ ಆಡಿದವರ ಕಿವಿಗೆ ಅದು ಬರೀ ತಪ್ಪು. ಆ ಮಗು ಮನೆಮಾತಿನಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ದಾಟುತ್ತಿದೆ ಎನ್ನುವುದು ನನಗೆ ಕಾಣುತ್ತದೆ, ಯಾಕೆಂದರೆ ನಾನೂ ಹಾಗೇ ದಾಟಿದವಳು.

ನಮ್ಮ ಶಾಲೆ ಇರುವುದು ಖೊನ್ ಕೇನ್ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು 450 ಕಿ.ಮೀ. ಆ ಸೀಮೆಗೆ ಇಸಾನ್ ಎನ್ನುತ್ತಾರೆ. ಭತ್ತ, ಕಬ್ಬು, ಮರಗೆಣಸು ಬೆಳೆಯುವ ಜನ. ಮಕ್ಕಳು ಮನೆಯಲ್ಲಿ ಆಡುವುದು ಇಸಾನ್ ಮಾತು, ಅದು ಲಾವೊ ಭಾಷೆಗೆ ಹತ್ತಿರ. ಶಾಲೆಯಲ್ಲಿ ಥಾಯ್. ಇಂಗ್ಲಿಷ್ ಅವರಿಗೆ ಮೂರನೆಯದು. ಇದು ನನಗೆ ಹೊಸದೇನಲ್ಲ. ದಾವಣಗೆರೆಯಲ್ಲಿ ನನ್ನ ಕ್ಲಾಸಿಗೆ ತಾಂಡಾದಿಂದ ಲಂಬಾಣಿ ಮಕ್ಕಳು ಬರುತ್ತಿದ್ದರು, ಉರ್ದು ಮನೆಯ ಮಕ್ಕಳು ಬರುತ್ತಿದ್ದರು. ಕನ್ನಡವನ್ನೇ ಶಾಲೆಯಲ್ಲಿ ಕಲಿತು, ಆ ಕನ್ನಡದ ಮೂಲಕ ಇಂಗ್ಲಿಷ್ ಕಲಿಯಬೇಕಿತ್ತು. ಅಂಥ ಮಗು ಕೊನೇ ಬೆಂಚಿನಲ್ಲಿ ಸುಮ್ನೆ ಕೂತಿದ್ದರೆ ದಡ್ಡ ಎಂದು ಅರ್ಥವಲ್ಲ. ಅದಕ್ಕೆ ಎರಡು ಹೊಸಿಲು ದಾಟಬೇಕು, ಉಳಿದವರಿಗೆ ಒಂದೇ. ಇಷ್ಟು ಗೊತ್ತಿದ್ದರೆ ಮೇಷ್ಟ್ರ ಸಿಟ್ಟು ಅರ್ಧ ಇಳಿಯುತ್ತದೆ.

ಈಗ ಉಚ್ಚಾರಣೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ನನಗೆ ಅಷ್ಟು ಮುಖ್ಯ ಇದು.

ಥಾಯ್ ಮಾತಿನಲ್ಲಿ ಪದದ ಕೊನೆಗೆ 'ಸ್' ಬರುವುದಿಲ್ಲ, 'ಲ್' ಬರುವುದಿಲ್ಲ. 'ಬಸ್' ಅವರ ಬಾಯಲ್ಲಿ 'ಬತ್' ಆಗುತ್ತದೆ, 'ಫುಟ್‌ಬಾಲ್' 'ಫುಟ್‌ಬಾನ್' ಆಗುತ್ತದೆ. 'ಲೈಕ್', 'ಲೈಟ್', 'ಲೈಫ್' ಮೂರರ ಕೊನೆಯೂ ಬಾಯೊಳಗೇ ಉಳಿದುಬಿಡುತ್ತದೆ, ನಮ್ಮ ಕಿವಿಗೆ 'ಲೈ' ಅಂತಲೇ ಕೇಳಿಸುತ್ತದೆ. ಅಲ್ಲಿ ಎಲ್ಲ ಮಕ್ಕಳಿಗೂ ಒಂದು ಅಡ್ಡಹೆಸರು ಇರುತ್ತದೆ, ಎಷ್ಟೋ ಸಲ ಅದು ಇಂಗ್ಲಿಷ್ ಪದವೇ. ನನ್ನ ಕ್ಲಾಸಿನಲ್ಲೊಬ್ಬ ಹುಡುಗನ ಅಡ್ಡಹೆಸರು ಐಸ್. ಅವನು ಹೇಳುವಾಗ ಅದು ಬರೀ 'ಐ'. ಹಿಂದಿನ ಮೇಷ್ಟ್ರು 'ಸ್, ಸ್' ಎಂದು ಹಾವಿನ ಹಾಗೆ ಬುಸುಗುಟ್ಟಿ ತೋರಿಸಿದ್ದರಂತೆ. ಮಕ್ಕಳು ನಕ್ಕರು, ಬರಲಿಲ್ಲ.

ನಮಗೆ ಕಾಲೇಜಿನಲ್ಲಿ ಏನೆಂದು ಬೈಯುತ್ತಿದ್ದರು, ನೆನಪಿದೆಯಾ? ಬಸ್ಸು, ಕಾರು, ಬಾಲು ಎಂದು ಎಲ್ಲದಕ್ಕೂ 'ಉ' ಸೇರಿಸಬೇಡಿ, ಹಳ್ಳಿಯವರ ಇಂಗ್ಲಿಷ್ ಅದು ಎನ್ನುತ್ತಿದ್ದರು. ನಾನು ಅದೇ 'ಉ'ವನ್ನು ಖೊನ್ ಕೇನಿಗೆ ಒಯ್ದೆ. ಪದದ ನಡುವೆ 'ಸ' ಬಂದರೆ ಥಾಯ್ ಮಕ್ಕಳಿಗೆ ಕಷ್ಟವೇ ಇಲ್ಲ, ಕೊನೆಗೆ ಬಂದರೆ ಮಾತ್ರ ತೊಂದರೆ. ಹಾಗಾದರೆ ಅದು ಕೊನೆಗೆ ಬಾರದ ಹಾಗೆ ಮಾಡಿದರಾಯಿತು. "ಐಸು" ಎನ್ನಿ ಎಂದೆ. ಎಲ್ಲರೂ "ಐಸು" ಎಂದರು. ಮತ್ತೆ ಎನ್ನಿ, ಈ ಸಲ 'ಉ' ಮೆಲ್ಲಗೆ. ಈಗ 'ಉ' ಪಿಸುಮಾತಿನಲ್ಲಿ. ಈಗ ತುಟಿ ಮಾತ್ರ ಆಡಲಿ, ದನಿ ಬೇಡ. ಈಗ ತುಟಿಯೂ ಬೇಡ. ಆ ಹುಡುಗ ಕಣ್ಣು ಮುಚ್ಚಿಕೊಂಡು "ಐಸ್" ಎಂದ. ಚೊಕ್ಕವಾಗಿ ಬಂತು. ಅಕ್ಕಪಕ್ಕದವರು ಅವನ ಬೆನ್ನಿಗೆ ಗುದ್ದಿದರು. 'ಬಾಲು, ಬಾಲು, ಬಾಲ್' ಕೂಡ ಹಾಗೇ ಬಂತು. ಎಲ್ಲ ಪದಕ್ಕೂ ಇದು ಆಗಿಬರುವುದಿಲ್ಲ, ಮರುದಿನ ಅರ್ಧ ಮಕ್ಕಳು ಮರೆತಿರುತ್ತಾರೆ. ಆದರೆ ದಾರಿ ಗೊತ್ತಾಯಿತಲ್ಲ. ಲಂಡನ್ನಿನಿಂದ ಬಂದವರಿಗೆ ಈ ದಾರಿ ಹೊಳೆಯುವುದು ಕಷ್ಟ, ಅವರು ಈ ದಾರಿಯಲ್ಲಿ ಬಂದೇ ಇಲ್ಲ. ಆ ತಾಯಿಯ ಪ್ರಶ್ನೆಗೆ ನನ್ನ ಉತ್ತರ ಇದೇ.

ಊಟದ ಬಗ್ಗೆ ತಾಯಿಗೆ ಬಹಳ ಚಿಂತೆ ಇತ್ತು. ಇರಬೇಕಾದ್ದೇ. ನಮ್ಮ ಮನೆಯಂತೆ ಅವರದ್ದೂ ಮಾಂಸ ಮುಟ್ಟದ ಮನೆ. ಥಾಯ್ ಅಡುಗೆಯಲ್ಲಿ ಮೀನಿನ ಸಾಸು ನಮ್ಮಲ್ಲಿ ಉಪ್ಪಿದ್ದ ಹಾಗೆ, ಬರೀ ತರಕಾರಿ ಪಲ್ಯಕ್ಕೂ ಬೀಳುತ್ತದೆ. ಹಸಿ ಪಪ್ಪಾಯಿಯ ಕೋಸಂಬರಿ ಇಸಾನ್ ಜನರ ಪ್ರಾಣ, ಅದರಲ್ಲಿ ಹುದುಗಿಸಿದ ಮೀನೋ ಒಣ ಸೀಗಡಿಯೋ ಇರುತ್ತದೆ. 'ಮಾಂಸ ತಿನ್ನಲ್ಲ' ಎಂದರೆ ಮೊಟ್ಟೆ ಹಾಕಿ ಕೊಡುತ್ತಾರೆ, ಪ್ರೀತಿಯಿಂದಲೇ. ಹೇಳಬೇಕಾದ ಮಾತು 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಅಂಗಡಿ ಮುಂದೆ ಕಟ್ಟಿರುತ್ತಾರೆ. ಅಲ್ಲಿ ಮಾಂಸ, ಮೀನು, ಮೊಟ್ಟೆ ಏನೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಆದರೆ ನಮ್ಮಂಥ ಸಣ್ಣ ಊರಲ್ಲಿ ಅಂಥ ಅಂಗಡಿ ಹುಡುಕಬೇಕು. ನಾನು ಮನೆಯಲ್ಲೇ ಬೇಯಿಸಿಕೊಳ್ಳುತ್ತೇನೆ. ಬೇಳೆ, ಮಸಾಲೆ ಬ್ಯಾಂಕಾಕಿನ ಪಾಹುರಾತ್ ಬೀದಿಯಲ್ಲಿ ಸಿಗುತ್ತದೆ, ನಮ್ಮ ದೇಶದವರ ಅಂಗಡಿಗಳು ಅಲ್ಲಿ ಸಾಲಾಗಿವೆ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಊರಿಂದಲೇ ಹೋಗಬೇಕು. ಅವರ ಅಂಟಕ್ಕಿ ಅನ್ನ ಮಾತ್ರ ನನಗೆ ಬಹಳ ಹಿಡಿಸಿದೆ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಿಸಿಬಿಸಿ ಕೊಡುತ್ತಾರೆ. ಕೈಯಲ್ಲೇ ಉಂಡೆ ಮಾಡಿ ತಿನ್ನಬೇಕು. ಚಟ್ನಿಪುಡಿ ಹಚ್ಚಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೊಟ್ಟೆ. ಈಗ ರಜೆಗೆ ಹೊರಟರೆ ಅವರೇ ಪುಡಿ ತರಲು ಹೇಳಿ ಕಳಿಸುತ್ತಾರೆ.

ಹೊಂದಿಕೊಳ್ಳುವುದು ಎಂದರೆ ಊಟ ಒಂದೇ ಅಲ್ಲ. ನಮ್ಮ ಕಡೆ ದನಿ ಎತ್ತಿ ಮಾತಾಡುವುದು ಸಹಜ. ಅಲ್ಲಿ ದನಿ ಎತ್ತಿದರೆ ಸಿಟ್ಟು ಬಂದಿದೆ ಎಂದೇ ಅರ್ಥ, ಸಿಟ್ಟು ತೋರಿಸಿದವರಿಗೆ ಮರ್ಯಾದೆ ಕಮ್ಮಿ. ಒಮ್ಮೆ ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಇಟ್ಟ ಮೇಲೆ, ಜೊತೆಯ ಟೀಚರ್ ಒಬ್ಬರು ತಣ್ಣೀರಿನ ಬಾಟಲಿ ತಂದು ಮೇಜಿನ ಮೇಲಿಟ್ಟು, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ಕೇಳಿದರು. ನಾವು ಮಾತಾಡಿದ್ದು ಉಪ್ಪಿನಕಾಯಿಯ ಬಗ್ಗೆ! ಮಗು ಸರಿ ಉತ್ತರ ಹೇಳಿದರೆ ಇಲ್ಲಿ ತಲೆ ಸವರುತ್ತೇವೆ. ಅಲ್ಲಿ ತಲೆ ಮುಟ್ಟಬಾರದು, ಅದು ದೇಹದ ಪವಿತ್ರ ಭಾಗ. ಕಾಲು ಯಾರ ಕಡೆಗೂ ಚಾಚಬಾರದು, ಇದು ನಮಗೂ ಗೊತ್ತು. ಬೆಳಿಗ್ಗೆ ಎಂಟಕ್ಕೆ ಧ್ವಜ ಏರುತ್ತದೆ, ರಾಷ್ಟ್ರಗೀತೆ, ಆಮೇಲೆ ಬುದ್ಧ ಪ್ರಾರ್ಥನೆ. ಎಲ್ಲರೂ ಬಿಸಿಲಲ್ಲೇ ನಿಲ್ಲಬೇಕು.

ಜೂನಿನಲ್ಲಿ ವಾಯ್ ಖ್ರು ಎಂಬ ದಿನ ಬರುತ್ತದೆ, ಮಕ್ಕಳು ಗುರುಗಳಿಗೆ ನಮಸ್ಕರಿಸುವ ದಿನ. ಅದನ್ನು ಗುರುವಾರವೇ ಮಾಡುತ್ತಾರೆ. ಮಕ್ಕಳು ಮೊಣಕಾಲಿನ ಮೇಲೆ ಬಂದು ಹೂವಿನ ತಟ್ಟೆ ಕೊಡುತ್ತಾರೆ. ತಟ್ಟೆಯಲ್ಲಿ ಏನಿರುತ್ತದೆ ಗೊತ್ತಾ? ಗರಿಕೆ, ಬದನೆ ಹೂವು, ಕೇಪಳದ ಹೂವು. ಗರಿಕೆ ಬೇಗ ಹಬ್ಬುತ್ತದೆ, ಕಲಿತದ್ದು ಹಾಗೆ ಹಬ್ಬಲಿ ಎಂದು. ಬದನೆ ಹೂವು ತಲೆ ಬಗ್ಗಿಸಿರುತ್ತದೆ, ವಿನಯ ಇರಲಿ ಎಂದು. ಕೇಪಳದ ಮೊಗ್ಗು ಮೊನಚು, ಬುದ್ಧಿ ಹಾಗಿರಲಿ ಎಂದು. ಮೊದಲ ವರ್ಷ ಆ ತಟ್ಟೆಯಲ್ಲಿ ಗರಿಕೆ ನೋಡಿ ನನಗೆ ಅಳು ಬಂದುಬಿಟ್ಟಿತು. ಅಲ್ಲಿಯವರೆಗೆ ಅಲ್ಲಿ ನಾನು ಹೊರಗಿನವಳು ಅನ್ನಿಸುತ್ತಿತ್ತು. ಆಮೇಲೆ ಅಷ್ಟು ಅನ್ನಿಸಲಿಲ್ಲ.

ಥಾಯ್ ಅಕ್ಷರ ಕಲಿಯಲು ಆಲಸ್ಯ ಮಾಡಬೇಡ ಎಂದು ಆ ಹುಡುಗಿಗೆ ಹೇಳಿದ್ದೇನೆ. ನೋಡಲು ಕಷ್ಟ ಅನ್ನಿಸುತ್ತದೆ, ಆದರೆ ಸಾಲು ನಮ್ಮ ಕ, ಖ, ಗ, ಘದ ಸಾಲೇ. ಕಾಗುಣಿತದ ಹಾಗೆ ಅಕ್ಷರದ ಹಿಂದೆ, ಮುಂದೆ, ಮೇಲೆ, ಕೆಳಗೆ ಗುರುತು ಬರುತ್ತವೆ. ಯುರೋಪಿನವರಿಗಿಂತ ನಮಗೆ ಬೇಗ ಬರುತ್ತದೆ. ಮಾತಾಡುವಾಗ ದನಿಯ ಏರಿಳಿತ ಮಾತ್ರ ಇನ್ನೂ ನನಗೆ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ.

ಇನ್ನು ಕಾಗದಪತ್ರ. ಇದನ್ನು ಓದುವವರು ಬೇಕಾದರೆ ಬರೆದಿಟ್ಟುಕೊಳ್ಳಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಮಾಡುವಂತಿಲ್ಲ. 'ಈಗ ಹೋಗಿ, ಆಮೇಲೆ ನೋಡೋಣ' ಎನ್ನುವ ಏಜೆಂಟರ ಮಾತು ಕೇಳಲೇಬೇಡಿ. ಶಾಲೆಯಿಂದ ಪತ್ರ ಬರಬೇಕು, ಅದರ ಮೇಲೆ ಕೆಲಸಕ್ಕೆ ಹೋಗುವವರಿಗೆ ಕೊಡುವ ನಾನ್ ಇಮಿಗ್ರೆಂಟ್ ಬಿ ವೀಸಾ ಪಡೆಯಬೇಕು. ಹೋದ ಮೇಲೆ ವರ್ಕ್ ಪರ್ಮಿಟ್. ಪಾಠ ಮಾಡಲು ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿ ಬೇಕು. ಲೈಸೆನ್ಸ್ ಇಲ್ಲದವರಿಗೆ ಎರಡು ವರ್ಷದ ತಾತ್ಕಾಲಿಕ ಅನುಮತಿ ಸಿಗುತ್ತದೆ, ಅದನ್ನು ಶಾಲೆಯೇ ಕೇಳಬೇಕು. 90 ದಿನಕ್ಕೊಮ್ಮೆ ಇಮಿಗ್ರೇಶನ್ ಕಚೇರಿಗೆ ವಿಳಾಸ ತಿಳಿಸಬೇಕು. ಪದವಿ ಪ್ರಮಾಣಪತ್ರ, ಅಂಕಪಟ್ಟಿ, ಪೊಲೀಸ್ ಕ್ಲಿಯರೆನ್ಸ್ ಎಲ್ಲ ಮೊದಲೇ ತೆಗೆದಿಟ್ಟುಕೊಳ್ಳಿ. ನಾನು ಓದಿದಾಗ ಇಲ್ಲಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಹಾಗಾಗಿ ಅದು ಇರುವ ಶಂಕರಘಟ್ಟಕ್ಕೆ ಓಡಾಡಿದೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದ ಮೇಲೆ ಈಗಿನವರಿಗೆ ಆ ಓಡಾಟ ತಪ್ಪಿದೆ.

ತಾಯಿಯ ಮನಸ್ಸಿನಲ್ಲಿದ್ದ ದೊಡ್ಡ ಭಯ ಕೊನೆಗೆ ಹೊರಗೆ ಬಂತು. "ಥಾಯ್ಲೆಂಡಿಗೆ ಅಂತ ಕರ್ಕೊಂಡು ಹೋಗಿ ಬೇರೆ ಕಡೆ ಮಾರ್ತಾರಂತಲ್ರೀ?" ಈ ಭಯ ಸುಳ್ಳಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು ಆನ್‌ಲೈನ್ ಮೋಸದ ಕೆಲಸಕ್ಕೆ ಕೂಡಿಹಾಕುತ್ತಾರೆ ಎಂದು 2022ರಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿತ್ತು. ಹಾಗಾಗಿ ಮಗಳನ್ನು ತಡೆಯಿರಿ ಎಂದೂ ಹೇಳಲಿಲ್ಲ, ಧೈರ್ಯವಾಗಿ ಕಳಿಸಿ ಎಂದೂ ಹೇಳಲಿಲ್ಲ. ಶಾಲೆಯ ಹೆಸರು, ವಿಳಾಸ, ಅಲ್ಲಿ ಈಗ ಪಾಠ ಮಾಡುತ್ತಿರುವ ಒಬ್ಬ ಟೀಚರ್ ಜೊತೆ ವಿಡಿಯೋ ಕರೆ, ಇಷ್ಟು ಸಿಗುವವರೆಗೆ ಯಾರಿಗೂ ದುಡ್ಡು ಕೊಡಬೇಡಿ ಎಂದೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಪತ್ರ ಬಂದರೆ ನನಗೆ ತೋರಿಸಿ, ಆ ಶಾಲೆಗೆ ನಾನೇ ಫೋನ್ ಮಾಡಿ ಥಾಯ್‌ನಲ್ಲಿ ವಿಚಾರಿಸುತ್ತೇನೆ.

ಹುಡುಗಿ ಟೋಯಿಕ್ ಪರೀಕ್ಷೆಗೆ ಮೊದಲು ಓದಲಿ ಎಂದು ಮೂವರೂ ಒಪ್ಪಿದೆವು. ಮೇ 7ಕ್ಕೆ ಇಲ್ಲಿ ಮತದಾನ, ಅದನ್ನು ಮುಗಿಸಿಕೊಂಡು ನಾನು ಹೊರಡುತ್ತೇನೆ. 16ಕ್ಕೆ ಶಾಲೆ ಶುರು. ಈ ವರ್ಷ ನನಗೆ ಮತ್ತಯೊಮ್ ಒಂದು ಕೊಟ್ಟಿದ್ದಾರೆ, ಅಂದರೆ ನಮ್ಮ ಏಳನೇ ಕ್ಲಾಸು. ಅಷ್ಟರೊಳಗೆ ಅವಳು ವಾರಕ್ಕೆರಡು ಸಂಜೆ ಮನೆಗೆ ಬರುತ್ತಾಳೆ. 'ಎ' ಮತ್ತು 'ದಿ'ಯಿಂದಲೇ ಶುರು ಮಾಡುತ್ತೇವೆ.