ರಾಜ್ಯೋತ್ಸವದ ಲಕೋಟೆ: ಮೊದಲು ಸೀಲು ನೋಡಿ

ಹೊಸ ಅಂಚೆ ಚೀಟಿ ಬಿಡುಗಡೆಯಾದ ದಿನ ಬರುವುದು ಪ್ರಥಮ ದಿನದ ಲಕೋಟೆ. ರಾಜ್ಯೋತ್ಸವದಂಥ ಸಂದರ್ಭಕ್ಕೆ ಅಂಚೆ ಇಲಾಖೆ ತರುವ ವಿಶೇಷ ಲಕೋಟೆಗೆ ಹೊಸ ಚೀಟಿ ಬೇಕಿಲ್ಲ. ಇರುವ ಚೀಟಿಯನ್ನೇ ಹಚ್ಚಿ, ಆ ಸಂದರ್ಭಕ್ಕೆಂದೇ ಮಾಡಿಸಿದ ಸೀಲು ಒತ್ತುತ್ತಾರೆ. ಹಾಗಾಗಿ ಇದರ ಬೆಲೆಯೆಲ್ಲ ಸೀಲಿನಲ್ಲಿದೆ. ತಾರೀಖು ಅಳಿಸಿದಂತಿದ್ದರೆ ಚಿತ್ರ ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ.

ನವೆಂಬರ್ 1ಕ್ಕೆ ಎರಡು ಲೆಕ್ಕಗಳಿವೆ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂತು. ಏಕೀಕರಣದ ಸುವರ್ಣ ವರ್ಷ 2006, ಹೆಸರಿನದು 2023. 'ಸುವರ್ಣ' ಎಂಬ ಒಂದು ಪದ ನೋಡಿ ಎರಡನ್ನೂ ಒಂದೇ ಪುಟಕ್ಕೆ ಸೇರಿಸುವ ತಪ್ಪು ತುಂಬಾ ಆಗುತ್ತದೆ.

ಹಾಸನದವರಿಗೆ ಸ್ವಂತ ಲಕೋಟೆ ಮಾಡಿಸಿಕೊಳ್ಳುವುದೂ ಸುಲಭ. ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಅಂಚೆ ಕಚೇರಿಗಳಲ್ಲಿ ಆಯಾ ಊರಿನ ಹೆಗ್ಗುರುತಿನ ಚಿತ್ರವಿರುವ ಕಾಯಂ ಸೀಲುಗಳಿವೆ, ಕೇಳಿದರೆ ಒತ್ತಿಕೊಡುತ್ತಾರೆ. ಏಕೀಕರಣಕ್ಕೆ 70 ತುಂಬುವ 2026ರ ನವೆಂಬರ್ 1 ಭಾನುವಾರ, ಕಚೇರಿ ಮುಚ್ಚಿರುತ್ತದೆ. ಹಿಂದಿನ ತಾರೀಖು ಹಾಕಿಕೊಡಿ ಎಂದು ಕೇಳಬೇಡಿ. ಅಂಥ ಸೀಲಿಗೆ ಸಂಗ್ರಹದಲ್ಲಿ ಮರ್ಯಾದೆಯಿಲ್ಲ. ಶನಿವಾರ, ಅಕ್ಟೋಬರ್ 31ರ ಸೀಲೇ ಪ್ರಾಮಾಣಿಕ.

ನುಣುಪು ಕಾಗದದ ಲಕೋಟೆ ಬೇಡ, ಮಸಿ ಒಣಗದೆ ಹರಡಿಕೊಳ್ಳುತ್ತದೆ. ಚೀಟಿಯನ್ನು ಬಲ ಮೇಲ್ಮೂಲೆಯಲ್ಲಿ, ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಹಚ್ಚಿ. ಹಿಂಬದಿಯ ಅಂಟನ್ನು ಒದ್ದೆ ಸ್ಪಂಜಿನಿಂದ ನೆನೆಸಿದರೆ ಸಾಕು. ಮೇಲೆ ಬೇರೆ ಗೋಂದು ಬಳಿದರೆ ವರ್ಷ ಕಳೆದಂತೆ ಕಂದು ಕಲೆ ಏಳುತ್ತದೆ. ಒಳಗೆ ಪೋಸ್ಟ್ ಕಾರ್ಡ್ ದಪ್ಪದ ರಟ್ಟು ಇಟ್ಟು ಕೌಂಟರಿಗೆ ಕೊಡಿ. ಒಳಗೆ ಟೊಳ್ಳಿದ್ದರೆ ಸೀಲಿನ ಒಂದು ಬದಿ ಮಾತ್ರ ಮೂಡುತ್ತದೆ. ಸೀಲು ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು, ಆಗಲೇ ಚೀಟಿ ಆಮೇಲೆ ಅಂಟಿಸಿದ್ದಲ್ಲ ಎಂಬುದಕ್ಕೆ ಸಾಕ್ಷಿ. ಬಿದ್ದ ಕೂಡಲೇ ಒಂದರ ಮೇಲೊಂದು ಪೇರಿಸಬೇಡಿ, ಮಸಿ ಪೂರ್ತಿ ಒಣಗಲಿ. ಮೂರು ಲಕೋಟೆ ಒಯ್ದರೆ ಒಂದಾದರೂ ಸ್ವಚ್ಛವಾಗಿ ಬರುತ್ತದೆ.

ಇನ್ನು ಮಳೆಗಾಲ. ಸಕಲೇಶಪುರ, ಮೂಡಿಗೆರೆ ಕಡೆಯ ತೇವಕ್ಕೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಕಾಗದದ ಮೇಲೆ ತುಕ್ಕಿನಂಥ ಚುಕ್ಕೆಗಳು ಬಂದುಬಿಡುತ್ತವೆ, ಅವು ಮತ್ತೆ ಹೋಗುವುದಿಲ್ಲ. ಪಿವಿಸಿ ಹಾಳೆಯ ಆಲ್ಬಂ ಬೇಡವೇ ಬೇಡ, ಅದು ಬೆವರಿದಂತಾಗಿ ಮಸಿಯನ್ನೇ ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ಕೊಳ್ಳಿ. ಆಲ್ಬಂ ನೇರ ನಿಲ್ಲಿಸಿಡಿ, ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಬೇಡ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಣ್ಣ ಬದಲಿಸುವ ಹರಳಿನದಾದರೆ, ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ. ಬಿಸಿಲು ಬಿದ್ದ ದಿನ ಆಲ್ಬಂ ಬಿಡಿಸಿ, ನೆರಳಿನಲ್ಲೇ ಅರ್ಧ ಗಂಟೆ ಗಾಳಿಗಿಡಿ.