ಹೊಸ ಅರಿವಿ ಕೌದಿಗೆ ಬರಂಗಿಲ್ಲ

ನನ್ನ ತಲೆಯಲ್ಲಿದ್ದ ಪ್ಲಾನ್ ಬಹಳ ಚೆಂದ ಇತ್ತು. ವಾಸ್ಕೋದಲ್ಲಿರುವ ತಂಗಿಗೆ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು, ಬಾಣಂತನಕ್ಕೆ ಅವ್ವನನ್ನು ಅಲ್ಲಿಗೆ ಬಿಟ್ಟು ಬರಬೇಕಿತ್ತು. ಕಾರಿನಲ್ಲೇ ಹೋಗೋಣ, ದಾರಿಯಲ್ಲಿ ಸಿಗುವ ಒಂದೊಂದು ಊರಲ್ಲಿ ಒಂದೊಂದು ತುಂಡು ಬಟ್ಟೆ ಕೊಳ್ಳೋಣ, ಅದನ್ನೆಲ್ಲ ಸೇರಿಸಿ ಹುಟ್ಟುವ ಕೂಸಿಗೆ ಅವ್ವ ಒಂದು ಕೌದಿ ಹೊಲಿಯಲಿ ಅಂದುಕೊಂಡಿದ್ದೆ. ವಾಯಿಯದೊಂದು ತುಂಡು, ಕರಾಡದ್ದೊಂದು, ಕೊಲ್ಹಾಪುರದ್ದೊಂದು. ಕೂಸು ದೊಡ್ಡದಾದ ಮೇಲೆ ಬೆರಳಿಟ್ಟು ತೋರಿಸಬಹುದು, ನೋಡು, ನಿಮ್ಮಜ್ಜಿ ಈ ದಾರೀಲಿ ಬಂದಳು ಅಂತ.

ಅವ್ವನಿಗೆ ಹೇಳಿದೆ. ಕಾಳು ಆರಿಸುತ್ತಾ ಕೂತಿದ್ದಳು, ಮುಖ ಎತ್ತಲಿಲ್ಲ. "ಹೊಸ ಅರಿವಿ ಕೌದಿಗೆ ಬರಂಗಿಲ್ಲ" ಅಂದಳು, ಅಷ್ಟೇ.

ಕೌದಿ ಅಂದರೆ ಗೊತ್ತಿಲ್ಲದವರಿಗೆ: ಹಳೇ ಸೀರೆ, ಧೋತರ, ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ಕೈಯಲ್ಲೇ ಸಾಲುಸಾಲು ಹೊಲಿಗೆ ಹಾಕಿದ ಹೊದಿಕೆ. ಇಲ್ಲಿ ಪುಣೆಯಲ್ಲಿ ಗೋಧಡಿ ಅಂತಾರೆ, ಕೊಲ್ಹಾಪುರದ ಕಡೆ ವಾಕಳ ಅಂತಲೂ ಅಂತಾರೆ. ವಸ್ತು ಒಂದೇ. ಊರಲ್ಲಿ ನಾವು ಚಿಕ್ಕವರಿದ್ದಾಗ ಕೌದಿ ಹೊಲಿಯುವ ಹೆಂಗಸರು ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು, ಜಗಲಿ ಮೇಲೆ ಕೂತು ಹೊಲಿದು ಜೋಳ, ದುಡ್ಡು ತಗೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಅವ್ವ ಮಾತ್ರ ಅವರಿಗೆ ಕೊಡದೆ ತಾನೇ ಹೊಲಿಯುತ್ತಿದ್ದಳು. ಅವರ ಹೊಲಿಗೆ ದೂರ ದೂರ ಬೀಳುತ್ತೆ ಅಂತ ಅವಳ ತಕರಾರು.

ನಾನು ಸುಮ್ನೆ ಇರಬೇಕಿತ್ತು. ಆದರೆ ಹಿಂದಿನ ವಾರವೇ ರವಿವಾರ ಪೇಠೆಗೆ ಹೋಗಿ ಆರು ಥರದ ಕಾಟನ್ ತುಂಡು ತಂದಿಟ್ಟಿದ್ದೆ, ದುಡ್ಡು ಸುರಿದಿದ್ದೆ, ಹಾಗಾಗಿ ವಾದ ಮಾಡಿದೆ. ಅವ್ವ ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತೆ, ನಾಲ್ಕು ಪದರ ಸೇರಿದರೆ ಸೂಜಿ ಇಳಿಯಲ್ಲ. ಮೊದಲ ಸಲ ನೀರಿಗೆ ಬಿದ್ದಾಗ ಒಂದೊಂದು ಬಟ್ಟೆ ಒಂದೊಂದು ಅಳತೆಗೆ ಕುಗ್ಗುತ್ತೆ, ಕೌದಿ ಹಪ್ಪಳದ ಹಾಗೆ ಸುಕ್ಕಾಗುತ್ತೆ. ಬಣ್ಣ ಬಿಡುತ್ತೆ. ಹಳೇದಾದರೆ ಕುಗ್ಗೋದೆಲ್ಲ ಕುಗ್ಗಿ, ಬಿಡೋದೆಲ್ಲ ಬಿಟ್ಟು ಮೆತ್ತಗಾಗಿರುತ್ತೆ. ಅದೂ ಅಲ್ಲದೆ ಹಸುಗೂಸಿನ ಮೈಗೆ ಯಾರಾದ್ರೂ ಹೊಸ ಬಟ್ಟೆ ಹಾಕ್ತಾರಾ? ನನ್ನನ್ನು ಮೊದಲು ಸುತ್ತಿದ್ದು ಅಜ್ಜಿಯ ಸೀರೆಯ ತುಂಡಿನಲ್ಲಂತೆ.

ಆಮೇಲೆ ತನ್ನ ಗಂಟು ಬಿಚ್ಚಿದಳು. ಅಪ್ಪನ ಎರಡು ಬಿಳಿ ಧೋತರ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು, ಅವು ಇನ್ನೂ ಇವಳ ಹತ್ತಿರ ಇವೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಂದು ಹರಿದ ಇಳಕಲ್ ಸೀರೆ, ತಂಗಿಯ ಲಂಗ, ನಾನು ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಹಸಿರು ಚೂಡಿದಾರ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಾರಿಯಲ್ಲಿ ನಾನು ಒಂದೇ ಒಂದು ಹೊಸ ತುಂಡು ಆರಿಸಬಹುದು. ಒಂದೇ.

ಪುಣೆಯಿಂದ ಗೋವಾಕ್ಕೆ ಆಜರಾ, ಆಂಬೋಲಿ ಮೇಲೆ ಹೋದರೆ ಸುಮಾರು 450 ಕಿಲೋಮೀಟರ್. ಬೆಳಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಮುಟ್ಟಬಹುದು, ಆದರೆ ನಾವು ಕೊಲ್ಹಾಪುರದಲ್ಲಿ ಒಂದು ರಾತ್ರಿ ಉಳಿಯೋದು ಅಂತ ಮಾಡಿಕೊಂಡೆವು. ನಮ್ಮ ಮನೆಯವರು ಸ್ಟೀರಿಂಗ್ ಹಿಡಿದರು, ಅವ್ವ ಹಿಂದಿನ ಸೀಟಿನಲ್ಲಿ ಗಂಟು ಬಿಚ್ಚಿಕೊಂಡು ಕೂತಳು. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲದ ಪುಟ್ಟ ಕೌದಿ. ಅಡಿಗೆ ಅಪ್ಪನ ಧೋತರ. ನಮ್ಮ ಮನೆಯವರ ಷರತ್ತು ಒಂದೇ, ಘಾಟಿನಲ್ಲಿ ಸೂಜಿ ಹೊರಗೆ ತೆಗೀಬಾರದು. ಅವರಿಗೆ ಬ್ರೇಕ್ ಹಾಕಿದಾಗಲೆಲ್ಲ ಹಿಂದೆ ತಿರುಗಿ "ಅತ್ತೀ, ಸೂಜಿ ಎಲ್ಲಿದೆ?" ಅಂತ ಕೇಳುವ ಚಾಳಿ ಅಂಟಿಕೊಂಡಿತು.

ಖಂಬಾಟಕಿ ಘಾಟು ಹತ್ತಿ ಇಳಿದು, ಸುರೂರ್ ಹತ್ತಿರ ಹೆದ್ದಾರಿ ಬಿಟ್ಟು ವಾಯಿಗೆ ತಿರುಗಿದೆವು. ವಾಯಿಗೆ ಬಂದವರೆಲ್ಲ ಢೋಲ್ಯಾ ಗಣಪತಿ ನೋಡಿ ಮಹಾಬಳೇಶ್ವರಕ್ಕೆ ಹೋಗಿಬಿಡುತ್ತಾರೆ. ಸ್ವಲ್ಪ ಮುಂದೆ ಮೇಣವಲಿ ಇದೆ, ನಾನಾ ಫಡ್ನವೀಸನ ವಾಡೆ ಇರುವ ಹಳ್ಳಿ. ವಾಡೆಯ ಹಿಂದೆಯೇ ಕೃಷ್ಣೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು. ನವರಾತ್ರಿಗೆ ಇನ್ನೊಂದು ವಾರ ಇತ್ತು. ಹೋಗಿ ನೋಡಿದರೆ ಮೆಟ್ಟಿಲ ತುಂಬ ಗೋಧಡಿ! ಹಬ್ಬದಲ್ಲಿ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ತಂದು ತೊಳೆಯುವ ಪದ್ಧತಿ ಅಲ್ಲೂ ಇದೆ, ನಮ್ಮ ಕಡೆಯೂ ಇದೆ. ಇಬ್ಬರು ಹೆಂಗಸರು ಒಂದು ನೆನೆದ ಗೋಧಡಿಯ ಎರಡು ತುದಿ ಹಿಡಿದು ಹಿಂಡುತ್ತಿದ್ದರು, ನೆನೆದರೆ ಅದು ಒಬ್ಬರ ಕೈಲಿ ಎತ್ತೋದಕ್ಕೇ ಆಗಲ್ಲ. ಅವ್ವ ಚಪ್ಪಲಿ ಬಿಟ್ಟು ಕೆಳಗಿಳಿದು, ಒಣಗಲು ಹಾಕಿದ ಒಂದೊಂದನ್ನೂ ಮಗುಚಿ ಹಿಂಬದಿಯ ಹೊಲಿಗೆ ನೋಡಿದಳು. ಯಾರದೋ ಮನೆಯ ಹಾಸಿಗೆ ಅದು, ನನಗೆ ಮುಜುಗರ. ಆ ಹೆಂಗಸರಿಗೆ ಏನೂ ಅನ್ನಿಸಲಿಲ್ಲ, ಇನ್ನೊಂದು ತಂದು ತೋರಿಸಿದರು. ಅವ್ವನಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಹೊಲಿಗೆ ಎಷ್ಟು ಹತ್ತಿರ ಇದೆ ಅನ್ನೋದನ್ನು ಬೆರಳಲ್ಲೇ ಮಾತಾಡಿಕೊಂಡರು.

ಅಲ್ಲೇ ಗುಡಿಯ ಹತ್ತಿರ ಒಂದು ದೊಡ್ಡ ಗಂಟೆ ಇದೆ. 1739ರಲ್ಲಿ ಮರಾಠರು ಪೋರ್ಚುಗೀಸರಿಂದ ವಸಾಯಿ ಗೆದ್ದಾಗ ಅಲ್ಲಿಂದ ಬಂದ ಚರ್ಚಿನ ಗಂಟೆ ಅದು. ನಮ್ಮ ಮನೆಯವರು ಅದರ ಫೋಟೋ ತೆಗೆಯುತ್ತಾ ಅರ್ಧ ಗಂಟೆ ಕಳೆದರು. ಅವ್ವ ನೀರಲ್ಲಿ ಕಾಲಿಟ್ಟುಕೊಂಡು "ಇದು ನಮ್ಮ ಕೃಷ್ಣೀನ ಹೌದಲ್ಲೋ?" ಅಂತ ಎರಡು ಸಲ ಕೇಳಿದಳು. ಅವಳ ತವರೂರು ಬೀಳಗಿ ತಾಲೂಕಿನದು, ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಅಲ್ಲಿ ಆಚೆ ದಡ ಕಾಣದಷ್ಟು ನಿಂತ ನೀರು ಇಲ್ಲಿ ಮಂಡಿವರೆಗೂ ಇಲ್ಲ. "ಇಷ್ಟ ಇತ್ತೇನ್ ಇದು" ಅಂದಳು. ಕಾರಿಗೆ ಬಂದ ಮೇಲೆ ಬಹಳ ಹೊತ್ತು ಸೂಜಿ ಮುಟ್ಟಲಿಲ್ಲ.

ಸಾತಾರಾದಲ್ಲಿ ಕಂದಿ ಪೇಡೆ, ಕರಾಡದಲ್ಲಿ ಚಹಾ. ಕೃಷ್ಣೆ, ಕೊಯ್ನಾ ಎದುರುಬದುರು ಬಂದು ಕೂಡುವ ಪ್ರೀತಿಸಂಗಮ ನೋಡಬೇಕಿತ್ತು, ರಸ್ತೆ ಅಗಲ ಮಾಡುವ ಕೆಲಸದಲ್ಲಿ ಡೈವರ್ಷನ್ ಮೇಲೆ ಡೈವರ್ಷನ್ ಸಿಕ್ಕಿ ತಡವಾಗಿತ್ತು, ಬಿಟ್ಟೆವು. ಆ ಗುಂಡಿಗಳಲ್ಲಿ ಅವ್ವ ಹಾಕಿದ ಹೊಲಿಗೆ ಈಗಲೂ ಬೇರೆಯಾಗಿ ಕಾಣುತ್ತೆ, ಒಂದು ಗೇಣಿನಷ್ಟು ಸಾಲು ಹಾವಿನ ಹಾಗೆ ಹೋಗಿದೆ. ಬಿಚ್ಚಿ ಹೊಲಿ ಅಂದರೆ ಬಿಚ್ಚಲಿಲ್ಲ.

ಕೊಲ್ಹಾಪುರದಲ್ಲಿ ಬೆಳಗ್ಗೆ ಮಿಸಳ್ ತಿಂದೆವು, ಅಲ್ಲಿ ಪಾವ್ ಅಲ್ಲ, ಬ್ರೆಡ್ ಕೊಡುತ್ತಾರೆ, ಅವ್ವ ಬ್ರೆಡ್ಡಿಗಿಂತ ರೊಟ್ಟಿ ಚಲೋ ಆಗ್ತಿತ್ತು ಅಂದಳು, ಅದೂ ನಿಜವೇ. ಅಂಬಾಬಾಯಿಯ ದರ್ಶನ ಮಾಡಿ ಮಹಾದ್ವಾರ ರಸ್ತೆಗೆ ಬಂದರೆ ದೇವಿಗೆ ಉಡಿ ತುಂಬುವ ಸಾಮಾನಿನ ಅಂಗಡಿಗಳು. ಅಲ್ಲಿ ಒಂದು ಕಡೆ ಖಣ ರಾಶಿ ಹಾಕಿದ್ದರು. ಅವ್ವ ಅಂಚು ಮುಟ್ಟಿ ನೋಡಿ "ಗುಳೇದಗುಡ್ಡದ್ದು" ಅಂದಳು. ಅಂಗಡಿಯವನು ಹೌದು ಅಂತ ತಲೆಯಾಡಿಸಿದ. ಬಾಗಲಕೋಟೆ ಜಿಲ್ಲೆಯ ಮಗ್ಗದ ಬಟ್ಟೆ ಪರವೂರಿನ ದೇವಿಯ ಮುಂದೆ ಸಿಕ್ಕಿದ್ದಕ್ಕೆ ಅವಳಿಗಾದ ಸಂತೋಷ ನೋಡಿ ನನ್ನ ತುಂಡು ಇದೇ ಇರಲಿ ಅಂದುಕೊಂಡೆ. ಬೇಡ ಅಂದಳು. ಖಣ ಒರಟು, ಕೂಸಿಗೆ ಚುಚ್ಚುತ್ತೆ. ಅದಕ್ಕೂ ಮಿಗಿಲಾಗಿ, ಮನೆಯ ಟ್ರಂಕಿನಲ್ಲಿ ಜಂಪರ್ ಖಣಗಳು ನಲವತ್ತಾದರೂ ಇವೆ. ಅದಂತೂ ನಿಜ. ನಮ್ಮಲ್ಲಿ ಉಡಿ ತುಂಬಿದ ಖಣವನ್ನು ಯಾರೂ ಹೊಲಿಸಿಕೊಳ್ಳಲ್ಲ, ಮುಂದಿನ ಮನೆಯವರಿಗೆ ದಾಟಿಸುತ್ತೇವೆ, ಅವರು ಇನ್ನೊಬ್ಬರಿಗೆ. ನನಗೆ ಒಮ್ಮೆ ನಾನೇ ಕೊಟ್ಟ ಖಣ ಎರಡು ವರ್ಷದ ನಂತರ ವಾಪಸ್ ಬಂದಿದೆ.

ಹಠಕ್ಕೆ ಬಿದ್ದು ಅಲ್ಲೇ ರಸ್ತೆ ಬದಿಯಲ್ಲಿ ಒಂದು ಕೆಂಪು ಕಾಟನ್ ತುಂಡು ಕೊಂಡೆ. ಕುಂಕುಮದಂಥ ಕೆಂಪು. "ಇದು ಬಿಡತೈತಿ" ಅಂದಳು ಅವ್ವ. ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತೆ ಅಂತ ನಾನು. ಲಾಡ್ಜಿಗೆ ವಾಪಸ್ ಹೋಗಿ ಬಕೆಟ್ಟಿಗೆ ಉಪ್ಪು ಸುರಿದು ನೆನೆಸಿ, ಫ್ಯಾನಿಗೆ ಒಣಗಿಸಿ ಹೊರಡೋ ಹೊತ್ತಿಗೆ ಹನ್ನೊಂದೂವರೆ.

ನಿಪ್ಪಾಣಿ ಬಂದರೆ ಕರ್ನಾಟಕ. ಅಂಗಡಿ ಬೋರ್ಡುಗಳಲ್ಲಿ ಕನ್ನಡ ಕಂಡ ಕೂಡಲೇ ಅವ್ವ ನೆಟ್ಟಗೆ ಕೂತು, ಚಹಾದ ಅಂಗಡಿಯಲ್ಲಿ ಗಟ್ಟಿ ದನಿಯಲ್ಲಿ ಕನ್ನಡ ಶುರು ಮಾಡಿದಳು. ಅವನು ಮರಾಠಿಯಲ್ಲಿ ಉತ್ತರ ಕೊಟ್ಟ. ನಕ್ಕು ನಕ್ಕು ಸಾಕಾಯ್ತು. ಅಲ್ಲಿಂದ ಉತ್ತೂರ ಮೇಲೆ ಆಜರಾಕ್ಕೆ ಹೋಗುವ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮಹಾರಾಷ್ಟ್ರ. ಅವ್ವನ ಕರ್ನಾಟಕ ಒಂದು ಕಪ್ ಚಹಾದಲ್ಲಿ ಮುಗೀತು.

ಆಜರಾ ಸಣ್ಣ ಊರು, ಘನಸಾಳ ಅನ್ನೋ ಘಮಘಮ ಅಕ್ಕಿಗೆ ಹೆಸರಾಗಿದೆ, ಐದು ಕಿಲೋ ಕೊಂಡೆವು. ಅಕ್ಕಿ ಅಂಗಡಿಯ ಪಕ್ಕದ ಕಟ್ಟೆ ಮೇಲೆ ಒಬ್ಬ ಅಜ್ಜಿ ವಾಕಳ ಹೊಲಿಯುತ್ತಾ ಕೂತಿದ್ದರು. ಅಲ್ಲಿಗೆ ನಮ್ಮ ಸಂಜೆಯ ಲೆಕ್ಕವೆಲ್ಲ ತಲೆಕೆಳಗು. ಅವ್ವ ಹೋಗಿ ಪಕ್ಕದಲ್ಲಿ ಕೂತು ತನ್ನ ಪುಟ್ಟ ಕೌದಿ ಬಿಚ್ಚಿದಳು. ಈ ಸಲ ನಾನು ನಡುವೆ ನಿಂತು ಮರಾಠಿ ಕನ್ನಡ ಮಾಡಿದೆ, ಯಾಕಂದ್ರೆ ಜಗಳ ಶುರುವಾಗಿತ್ತು. ಅಜ್ಜಿ ಒಂದು ಬದಿಯಿಂದ ಇನ್ನೊಂದು ಬದಿಗೆ ನೇರ ಸಾಲು ಹೊಲಿಯುತ್ತಾರೆ. ಅವ್ವ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾಳೆ. ಸುತ್ತಿ ಬಂದರೆ ಸಡಿಲ ಬಟ್ಟೆಯೆಲ್ಲ ಕೊನೆಗೆ ನಡುವೆ ಗುಬ್ಬಿ ಕಟ್ಟುತ್ತೆ ಅಂತ ಅಜ್ಜಿ. ನೇರ ಹೋದರೆ ಅದೇ ಸಡಿಲು ಕೊನೇ ಅಂಚಿಗೆ ಬಂದು ಕೌದಿ ಓರೆಯಾಗುತ್ತೆ ಅಂತ ಅವ್ವ. ಇಬ್ಬರೂ ತಮ್ಮತಮ್ಮದನ್ನು ನೆಲಕ್ಕೆ ಹಾಸಿ ಕೈಯಲ್ಲಿ ಸವರಿ ತೋರಿಸಿದರು. ನನಗೆ ಎರಡೂ ಸಪಾಟಾಗೇ ಕಂಡವು, ಹೇಳೋ ಧೈರ್ಯ ಆಗಲಿಲ್ಲ. ಹೊರಡುವಾಗ ಅಜ್ಜಿ ತಮ್ಮ ಗಂಟಿನಿಂದ ನವವಾರಿ ಸೀರೆಯ ಒಂದು ನೀಲಿ ತುಂಡು ಹರಿದು ಕೊಟ್ಟರು. ಎಷ್ಟು ಹಳೇದು ಅಂದರೆ ಹರಿಯುವಾಗ ಸದ್ದೇ ಬರಲಿಲ್ಲ. ಅವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಹೇಳಿದ್ದರೇ ವಾಸಿ ಇತ್ತು.

ಆಂಬೋಲಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಜಲಪಾತದ ಹತ್ತಿರ ಕಾಂದಾ ಭಜಿ ತಿನ್ನುವಾಗ ಕೋತಿ ಬಂದು ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಸಾವಂತವಾಡಿಯಲ್ಲಿ ಮೋತಿ ತಲಾವಿನ ಸುತ್ತ ದೀಪ ಹತ್ತುವ ಹೊತ್ತಿಗೆ ಇಳಿದು ಕೂಸಿಗೊಂದು ಕಟ್ಟಿಗೆಯ ಗಿಲಕಿ ಕೊಂಡೆವು. ಆಮೇಲೆ ಕತ್ತಲು, ಬಾಂದಾ, ಪತ್ರಾದೇವಿ, ಮಾಪ್ಸಾ, ಮಾಂಡೋವಿ, ಝುವಾರಿ ಸೇತುವೆ. ತಂಗಿ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ರಾತ್ರಿ ಹತ್ತಾಗಿತ್ತು.

ವಾಸ್ಕೋದಲ್ಲಿ ಕನ್ನಡ ಹುಡುಕಬೇಕಿಲ್ಲ, ವಿಜಯಪುರ, ಬಾಗಲಕೋಟೆ, ಗದಗದ ಜನ ಕೆಲಸಕ್ಕೆ ಬಂದು ನೆಲೆಸಿದ್ದಾರೆ. ತಂಗಿಯ ಪಕ್ಕದ ಮನೆಯಾಕೆ ಯಲ್ಲಾಪುರದ ಕಡೆಯ ಸಿದ್ದಿ. ಮರುದಿನ ಬಂದು ಕೌದಿ ನೋಡಿದವರೇ "ಎಲ್ಲಾ ಚಂದ ಆಗದೆ ಅಮ್ಮಾ, ಮೂಲೆಗೆ ಫೂಲಾ ಎಲ್ಲಿ?" ಅಂದರು. ಸಿದ್ದಿಯರ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯ ತುಂಡನ್ನು ತ್ರಿಕೋನ ಮಡಿಸಿ ಒಂದರ ಮೇಲೊಂದು ಇಟ್ಟು ಹೊಲಿದ ಹೂವು ಇರುತ್ತೆ, ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ಅವರೂ ಅಂಚಿನಿಂದ ನಡುವಿಗೇ ಹೊಲಿಯೋದು ಅಂತ ಕೇಳಿ ಅವ್ವ ಗೆದ್ದವಳ ಹಾಗೆ ನನ್ನನ್ನು ನೋಡಿದಳು, ಆಜರಾದ ಅಜ್ಜಿ ನಾನೇ ಏನೋ ಅನ್ನೋ ಹಾಗೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದ ಜನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು, ಯಲ್ಲಾಪುರ, ಹಳಿಯಾಳದ ಸಿದ್ದಿಯರು ಅವರ ಸಂತತಿ. ಈಗ ಈಕೆ ಕೆಲಸಕ್ಕಾಗಿ ಅದೇ ಗೋವಾಕ್ಕೆ ವಾಪಸ್ ಬಂದಿದ್ದಾರೆ. ಅವ್ವನಿಗೆ ಫೂಲಾ ಮಡಿಸೋದು ಅವರೇ ಕಲಿಸಿದರು. ಎರಡು ಮೂಲೆಗೆ ಹಸಿರು ಚೂಡಿದಾರ, ಎರಡಕ್ಕೆ ನನ್ನ ಕೆಂಪು. ಉಳಿದ ಕೆಂಪು ನಟ್ಟನಡುವೆ.

ನಾವು ಪುಣೆಗೆ ವಾಪಸ್ ಬಂದ ಒಂಬತ್ತನೇ ದಿನ ಹೆಣ್ಣು ಕೂಸು ಹುಟ್ಟಿತು. ತಿಂಗಳಾದ ಮೇಲೆ ತಂಗಿ ಒಂದು ಫೋಟೋ ಕಳಿಸಿದಳು. ಕೌದಿ ಮೊದಲ ಸಲ ನೀರಿಗೆ ಬಿದ್ದಿತ್ತು. ಆಜರಾದ ನೀಲಿ ಹಾಗೇ ಇದೆ, ಇಳಕಲ್ ಹಾಗೇ ಇದೆ, ಅಡಿಯ ಧೋತರ ಪೂರಾ ಗುಲಾಬಿ.

ಕೂಡಲೇ ಫೋನ್ ಮಾಡಿದೆ, ಬೈಸಿಕೊಳ್ಳೋಕೆ ತಯಾರಾಗಿಯೇ.

"ಇರ್ಲಿ ಬಿಡ" ಅಂದಳು ಅವ್ವ. "ಇದ್ದಾಗ ಒಮ್ಮಿನೂ ಬಣ್ಣದ್ದು ಉಡಲಿಲ್ಲ ನಿಮ್ಮಪ್ಪ."