ಗೇಮ್ ಕವರ್ ಸಣ್ಣ ಸೈಜಲ್ಲೂ ಕಾಣ್ಬೇಕು

ಬಸವನಗುಡಿಯ ಫ್ರೆಂಡ್ ಒಬ್ಳು ಕೆ.ಆರ್. ಮಾರ್ಕೆಟಲ್ಲಿ ಹೂ ಕಟ್ಟೋ ಒಂದು ಪುಟ್ಟ ಗೇಮ್ ಮಾಡ್ತಿದಾಳೆ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಗೆ ಅದರ ಕವರ್ ಚಿತ್ರದ ಬಗ್ಗೆ ನಾನು ಹೇಳ್ತಿರೋದು ಒಂದೇ, ಮೊದಲು ಚಿಕ್ಕ ಸೈಜಲ್ಲೇ ಡಿಸೈನ್ ಮಾಡು. ಸ್ಮಾಲ್ ಕ್ಯಾಪ್ಸೂಲ್, ಅಂದ್ರೆ ಲಿಸ್ಟ್‌ಗಳಲ್ಲಿ ಬರೋ ಚಿಕ್ಕ ಕವರ್, 462×174 ಪಿಕ್ಸೆಲ್‌ಗೆ ಅಪ್‌ಲೋಡ್ ಮಾಡಿದ್ರೂ ಸರ್ಚ್ ಲಿಸ್ಟಲ್ಲಿ ಕಾಣೋದು ಅದಕ್ಕಿಂತ ತುಂಬಾ ಪುಟ್ಟದಾಗಿ, ಅಲ್ಲಿ ಇಡೀ ಮಾರ್ಕೆಟ್, ಜನ, ಬುಟ್ಟಿ, ಆಟೋ ಎಲ್ಲಾ ತುರುಕಿದ್ರೆ ಬಣ್ಣ ಚೆಲ್ಲಿದ ಹಾಗಿರತ್ತೆ ಅಷ್ಟೇ. ಒಂದು ನಗೋ ಮುಖ, ಕೈಯಲ್ಲಿ ಅರ್ಧ ಕಟ್ಟಿದ ಮಾಲೆ, ದಪ್ಪ ಅಕ್ಷರದಲ್ಲಿ ಹೆಸರು. ಸಾಕು.

ಸ್ಟೀಮ್ ಬ್ಯಾಕ್‌ಗ್ರೌಂಡ್ ಕಡು ನೀಲಿ ಅಲ್ವಾ, ಚೆಂಡುಹೂವಿನ ಹಳದಿ ಕಿತ್ತಳೆ ಅದ್ರ ಮೇಲೆ ಎಷ್ಟ್ ಚೆನ್ನಾಗಿ ಎದ್ದು ಕಾಣತ್ತೆ ಗೊತ್ತಾ!

ಇನ್ನೊಂದು, 2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ಕವರ್ ಮೇಲೆ ರಿವ್ಯೂ ಸ್ಕೋರ್, ಅವಾರ್ಡ್ ಲೋಗೋ, ಡಿಸ್ಕೌಂಟ್ ಬರಹ ಹಾಕಂಗಿಲ್ಲ, ನಂಗಂತೂ ಈ ರೂಲ್ ತುಂಬಾ ಇಷ್ಟ, ಯಾಕಂದ್ರೆ ಚಿತ್ರಾನೇ ಮಾತಾಡ್ಬೇಕು. ಇಚ್ ಡಾಟ್ ಐಓ ಅನ್ನೋ ಇನ್ನೊಂದು ಗೇಮ್ ಸೈಟಲ್ಲಿ ಕವರ್ 630×500, ಶೇಪೇ ಬೇರೆ, ಸ್ಟೀಮ್ ಚಿತ್ರಾನೇ ಕ್ರಾಪ್ ಮಾಡಿ ಹಾಕ್ಬೇಡಿ ದಯವಿಟ್ಟು, ಲೇಯರ್‌ಗಳನ್ನ ಬೇರೆಬೇರೆ ಇಟ್ಕೊಂಡು ಹೊಸದಾಗಿ ಜೋಡಿಸಿ.